ಬೇರಿನಲ್ಲಿ ಫ್ಯುಸೇರಿಯಂ ಇದೆ ಅಂದ ಮಾತ್ರಕ್ಕೆ ಸಸಿ ಸಾಯುತ್ತದೆಯೇ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಕಡೆ. ಈಗ ಅಮೆರಿಕದ ಆರೆಗಾನ್‌ನಲ್ಲಿ ಒಂದು ನರ್ಸರಿಯಲ್ಲಿ ಡಗ್ಲಾಸ್ ಫರ್ ಎಂಬ ಸೂಜಿ ಎಲೆಯ ಮರದ ಸಸಿ ಬೆಳೆಸುವ ಕೆಲಸದಲ್ಲಿದ್ದೇನೆ. ಈ ಬೇಸಿಗೆಯಲ್ಲಿ ಒಂದು ಮಡಿಯ ಸಸಿಗಳು ತುದಿ ಬಾಗಿ, ಕಂದಿ ಸತ್ತುಹೋದವು. ಬೇರನ್ನು ಲ್ಯಾಬಿಗೆ ಕಳಿಸಿದೆವು. 'ಫ್ಯುಸೇರಿಯಂ ಆಕ್ಸಿಸ್ಪೋರಂ' ಎಂಬ ಬೂಸ್ಟು ಇದೆ ಎಂದು ರಿಪೋರ್ಟ್ ಬಂತು. ಪಕ್ಕದ ಮಡಿಯ ಹಸಿರು ಸಸಿಗಳ ಬೇರಿನಲ್ಲೂ ಅದೇ ಇದೆಯಂತೆ! ಒಂದೇ ಬೂಸ್ಟು ಒಂದು ಕಡೆ ಕೊಂದು, ಇನ್ನೊಂದು ಕಡೆ ಸುಮ್ನೆ ಇರುವುದು ಹೇಗೆ? ಎರಡೂ ಮಡಿಗೆ ಔಷಧಿ ಹಾಕಬೇಕೇ?

ಉತ್ತರ: ಹಸಿರು ಮಡಿಗೆ ಈಗಲೇ ಔಷಧಿ ಹಾಕಬೇಡಿ. ಎರಡು ಕಡೆ ಇರುವುದು ಒಂದೇ ಬೂಸ್ಟು ಅಂತ ಆ ರಿಪೋರ್ಟ್‌ನಿಂದ ಹೇಳಲು ಬರುವುದಿಲ್ಲ. ಲ್ಯಾಬಿನವರನ್ನು ದೂರಬೇಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರು ಹೇಳಬೇಕಾದರೆ ಸಿಗುವುದು ಅಷ್ಟೇ.

ನಿಮ್ಮನ್ನು ಕಾಡಿದ ಪ್ರಶ್ನೆಯೇ ಅಲ್ಲಿನ ನರ್ಸರಿಗಳನ್ನೂ ಬಹಳ ವರ್ಷ ಕಾಡಿತ್ತು. ಸತ್ತ ಸಸಿಯಲ್ಲೂ ಆಕ್ಸಿಸ್ಪೋರಂ, ಚೆನ್ನಾಗಿರುವ ಸಸಿಯಲ್ಲೂ ಆಕ್ಸಿಸ್ಪೋರಂ. 2003ರಲ್ಲಿ ಇದಕ್ಕೆ ತುಂಬಾ ಹೋಲುವ ಇನ್ನೊಂದು ಜಾತಿಯನ್ನು ಗುರುತಿಸಿ ಫ್ಯುಸೇರಿಯಂ ಕಮ್ಯೂನ್ ಎಂದು ಹೆಸರಿಟ್ಟರು. ಆಮೇಲೆ ಸಂಶೋಧಕರು ಕೋನಿಫರ್ (ಸೂಜಿ ಎಲೆಯ ಮರಗಳ) ನರ್ಸರಿಯಿಂದ ತೆಗೆದಿಟ್ಟಿದ್ದ ಬೂಸ್ಟುಗಳ ಡಿಎನ್‌ಎ ನೋಡಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು: ಡಗ್ಲಾಸ್ ಫರ್ ಸಸಿಗಳನ್ನು ಜೋರಾಗಿ ಕೊಲ್ಲುತ್ತಿದ್ದದ್ದು ಈ ಕಮ್ಯೂನ್, ಅದರ ಜೊತೆಗೇ ಸಿಕ್ಕ ನಿಜವಾದ ಆಕ್ಸಿಸ್ಪೋರಂ ಹೆಚ್ಚುಕಡಿಮೆ ನಿರುಪದ್ರವಿ. ಕಣ್ಣಿಗೆ ಎರಡೂ ಒಂದೇ ಥರ. ನಿಮ್ಮ ಮಡಿಗಳಲ್ಲೂ ಹೀಗೇ ಆಗಿರಬಹುದು ಅಂತ ನನ್ನ ಅನುಮಾನ.

ಹಾಗಂತ ಆಕ್ಸಿಸ್ಪೋರಂ ಎಲ್ಲೆಡೆ ಸಾಧು ಅಂದುಕೊಳ್ಳಬೇಡಿ. ಒಂದೇ ಜಾತಿಯೊಳಗೂ ರೋಗ ಹಚ್ಚುವ ತಾಕತ್ತು ಬೇರೆ ಬೇರೆ. ನಂಜನಗೂಡು ರಸಬಾಳೆಯನ್ನು ಹಾಳು ಮಾಡಿದ ಪನಾಮಾ ಸೊರಗು ರೋಗ ನೆನಪಿದೆ ಅಲ್ವಾ? ಅದು ಇದೇ ಆಕ್ಸಿಸ್ಪೋರಂನ ಒಂದು ಬಗೆ. ಅದರಲ್ಲೂ ರೇಸ್ 1 ಎಂಬ ಒಳಬಗೆ ಪಚ್ಚಬಾಳೆಯ ತಂಟೆಗೆ ಹೋಗುವುದಿಲ್ಲ, ಟಿಆರ್4 ಎಂಬ ಒಳಬಗೆ ಪಚ್ಚಬಾಳೆಯನ್ನೂ ಬಿಡುವುದಿಲ್ಲ.

ಹಾಗಾದರೆ ಯಾವುದು ಕೊಲ್ಲುತ್ತದೆ ಅಂತ ತಿಳಿಯುವುದು ಹೇಗೆ? ಸಸಿಗೆ ಹಚ್ಚಿಯೇ ನೋಡಬೇಕು. ಪ್ರತಿ ಬೂಸ್ಟನ್ನೂ ಜೋಳದ ಹಿಟ್ಟು ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಬೆರೆಸಿದ್ದರಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ಶುದ್ಧ ಮಣ್ಣಿಗೆ ಸೇರಿಸಿ, ಬೀಜ ಹಾಕಿ, ಮೊಳೆಯುವ ಮೊದಲೇ ಸತ್ತದ್ದೆಷ್ಟು, ಮೊಳೆತು ಬುಡ ಕೊಳೆತು ಬಿದ್ದದ್ದೆಷ್ಟು, ಉಳಿದದ್ದೆಷ್ಟು ಅಂತ ಎಣಿಸುತ್ತಾರೆ. ಸತ್ತ ಸಸಿಯಿಂದ ಅದೇ ಬೂಸ್ಟು ಮತ್ತೆ ಸಿಗಬೇಕು, ಆಗಲೇ ಅದು ಕೊಂದದ್ದು ಎನ್ನುವುದು. ಕೊಳೆತ ಬೇರಿನಿಂದ ತೆಗೆದದ್ದು ಈ ಪರೀಕ್ಷೆಯಲ್ಲಿ ಏನೂ ಮಾಡದೆ ಕೂತಿರಬಹುದು.

ಇನ್ನೊಂದು ವಿಷಯ. ಬೇರು ಕೊಳೆಸುವುದು ಫ್ಯುಸೇರಿಯಂ ಒಂದೇ ಅಲ್ಲ. ಸಿಲಿಂಡ್ರೊಕಾರ್ಪನ್ ಎಂಬುದು ತಂಪಾಗಿ ನೀರು ನಿಲ್ಲುವ ಕಡೆ ಜಾಸ್ತಿ. ಪಿಥಿಯಂ ಅಂತೂ ನಿಜವಾದ ಶಿಲೀಂಧ್ರವೇ ಅಲ್ಲ, ನಿಮ್ಮೂರಿನ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾದ ನೆಂಟ. ಪಿಥಿಯಂ, ಫೈಟಾಫ್ತೊರಾ ಇವೆರಡರ ಬೀಜಕಣಗಳು ನೀರಲ್ಲಿ ಈಜಿಕೊಂಡು ಬೇರು ಹುಡುಕುತ್ತವೆ. ಪಿಥಿಯಂಗೆ ಕೊಡುವ ಮೆಟಲಾಕ್ಸಿಲ್ ಎಂಬ ಔಷಧಿ ಫ್ಯುಸೇರಿಯಂಗೆ ತಾಗುವುದಿಲ್ಲ. ಹೆಸರು ಸರಿಯಾಗಿ ತಿಳಿಯದೆ ಔಷಧಿ ಹಾಕಿದರೆ ದುಡ್ಡು ಮಣ್ಣುಪಾಲು.

ಮಣ್ಣಿಗೆ ಹೊಗೆಮದ್ದು ಹಾಕಿ ಎಲ್ಲವನ್ನೂ ಕೊಂದುಬಿಡೋಣ ಅನ್ನಿಸಬಹುದು. ಮೊದಲು ಮಿಥೈಲ್ ಬ್ರೋಮೈಡ್ ಹಾಕುತ್ತಿದ್ದರು. ಅದು ಓಝೋನ್ ಪದರ ಹಾಳು ಮಾಡುತ್ತದೆ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಶ್ರೀಮಂತ ದೇಶಗಳು 2005ರ ಹೊತ್ತಿಗೆ, ಕೆಲವು ವಿನಾಯಿತಿ ಬಿಟ್ಟು, ನಿಲ್ಲಿಸಬೇಕಾಯಿತು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಹೊಗೆಮದ್ದು ಸಾಧು ಬೂಸ್ಟುಗಳನ್ನೂ ಸಾಯಿಸುತ್ತದೆ. ಬೇರಿನ ಜಾಗ ಹಿಡಿದುಕೊಂಡು ಕೆಟ್ಟದ್ದಕ್ಕೆ ಎಡೆ ಕೊಡದೆ ಇದ್ದದ್ದು ಅವೇ ಆಗಿರಬಹುದು. ಫ್ರಾನ್ಸಿನ ಶಾತೊರೆನಾರ್ ಎಂಬಲ್ಲಿ ಸೊರಗು ರೋಗ ಬಾರದ ಮಣ್ಣಿನಿಂದ ಇಂಥದೇ ನಿರುಪದ್ರವಿ ಆಕ್ಸಿಸ್ಪೋರಂ ತೆಗೆದು, ರೋಗ ತಡೆಯಲು ಬಳಸಿ ನೋಡಿದ್ದಾರೆ.

ಮುಂದಿನ ಬಿತ್ತನೆಗೆ ಬೀಜವನ್ನು 48 ಗಂಟೆ ಹರಿಯುವ ನೀರಲ್ಲಿ ಇಡಿ, ಸಿಪ್ಪೆಗೆ ಅಂಟಿದ ಫ್ಯುಸೇರಿಯಂ ಬಹಳಷ್ಟು ತೊಳೆದುಹೋಗುತ್ತದೆ. ಹಳೇ ಟ್ರೇಗಳಿದ್ದರೆ ಬಿಸಿನೀರಲ್ಲಿ ಅದ್ದಿ ತೆಗೆಯಿರಿ. ಎಳೆ ಸಸಿಗೆ ಸಾರಜನಕ ಜಾಸ್ತಿ ಕೊಡಬೇಡಿ.

ಲ್ಯಾಬಿಗೆ ಇನ್ನೊಮ್ಮೆ ಕಳಿಸುವಾಗ ಎರಡೂ ಮಡಿಯ ಬೇರನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ, ಡಿಎನ್‌ಎ ನೋಡಿಯೇ ಜಾತಿ ಹೇಳಿ ಅಂತ ಬರೆಯಿರಿ. ಪೂರ್ತಿ ಒಣಗಿದ ಸಸಿ ಬೇಡ, ಸತ್ತ ಬೇರಿಗೆ ಆಮೇಲೆ ಬೇರೆ ಬೂಸ್ಟುಗಳೂ ನುಗ್ಗಿರುತ್ತವೆ. ಈಗಷ್ಟೇ ತುದಿ ಬಾಗುತ್ತಿರುವ ಸಸಿಯನ್ನು ಬೇರಿನ ಮಣ್ಣಿನ ಸಮೇತ ಕಿತ್ತು, ತಂಪಾಗಿಟ್ಟು ಕಳಿಸಿ.