ಡೆನ್ನಿಗೆ ಅಳ್ತೀರಿ, ಸರಿ. ಆ ಇನ್ನೊಬ್ಬ ರೋಗಿಗೆ?

ಹೋದ ಸಂಚಿಕೆಯಲ್ಲಿ ‘ಗ್ರೇಸ್ ಅನಾಟಮಿ’ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪ್ರಶ್ನೆಗಳ ರಾಶಿ ಬಂದಿದೆ. ಅದು ಅಮೆರಿಕದ ಟೀವಿ ಸೀರಿಯಲ್, ಸಿಯಾಟಲ್ ಊರಿನ ಆಸ್ಪತ್ರೆಯೊಂದರ ಕಥೆ, 2005ರಲ್ಲಿ ಶುರುವಾದದ್ದು. ನಾನು ಬೆಂಗಳೂರಿನಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು, ಅದರಲ್ಲಿ ಹೆಚ್ಚುಕಾಲ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ. ಈಗ ಸಂಜೆ ಮೊಮ್ಮಗಳ ಪಕ್ಕ ಕೂತು ನೋಡುತ್ತೇನೆ. ಅವಳಿಗೆ ನನ್ನದೇ ಕಾಟ. ‘ಅಜ್ಜಿ, ಸುಮ್ನೆ ನೋಡು’ ಅನ್ನುತ್ತಾಳೆ.

ಸಿಸ್ಟರ್, ಇಝೀ ಮಾಡಿದ್ದು ತಪ್ಪು ಅಂತ ಬರೆದಿದ್ದೀರಿ. ಅವಳು ಡೆನ್ನಿಯನ್ನು ಅಷ್ಟು ಪ್ರೀತಿಸುತ್ತಿದ್ದಳು. ನಿಮಗೆ ಕರುಳೇ ಇಲ್ವಾ?
– ಗೃಹಿಣಿ, ರಾಜಾಜಿನಗರ

ಇದೆ ತಾಯಿ. ಗುಲಾಬಿ ಗೌನ್ ಹಾಕಿಕೊಂಡು ಅವಳು ಅವನ ಪಕ್ಕ ಮಲಗಿದಾಗ ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ನೋಡದವರಿಗೆ ಹೇಳಿಬಿಡುತ್ತೇನೆ. ಇಝೀ ಅಲ್ಲಿಯ ಕಿರಿಯ ಡಾಕ್ಟರ್, ಡೆನ್ನಿ ಅವಳ ರೋಗಿ. ಅವನಿಗೆ ಬೇರೆ ಹೃದಯ ಬೇಕು. ಅಲ್ಲಿವರೆಗೆ ಒಂದು ಮಿಷನ್ ಅವನನ್ನು ಉಳಿಸಿದೆ. ಹೃದಯವೇನೋ ಸಿಕ್ಕಿತು, ಆದರೆ ಇನ್ನೊಂದು ಆಸ್ಪತ್ರೆಯ ರೋಗಿಯ ಹೆಸರು ಪಟ್ಟಿಯಲ್ಲಿ 17 ಸೆಕೆಂಡ್ ಮೊದಲೇ ಸೇರಿತ್ತು. ಡೆನ್ನಿಯ ಸ್ಥಿತಿ ಕೆಟ್ಟರೆ ಸರದಿ ಮೇಲೆ ಬರುತ್ತೆ ಅಂತ ಇಝೀ ಮಿಷನ್ ವೈರನ್ನೇ ಕತ್ತರಿಸಿಬಿಟ್ಟಳು. ಹೃದಯ ಡೆನ್ನಿಗೇ ಸಿಕ್ಕಿತು, ಆಪರೇಷನ್ ಆಯಿತು. ಆಮೇಲೆ ರಕ್ತ ಹೆಪ್ಪುಗಟ್ಟಿ, ಸ್ಟ್ರೋಕ್ ಆಗಿ ಡೆನ್ನಿ ಹೋಗಿಬಿಟ್ಟ.

ನಾವೆಲ್ಲ ಅತ್ತಿದ್ದು ಡೆನ್ನಿಗೆ. ಆ 17 ಸೆಕೆಂಡಿನ ರೋಗಿಯ ಹೆಸರು ನಿಮಗೆ ನೆನಪಿದೆಯಾ? ನನಗೂ ಇಲ್ಲ.

ನಮ್ಮಲ್ಲಿ ಈಗ ಪಟ್ಟಿ ನೋಡಿಕೊಳ್ಳುವುದು ಸರ್ಕಾರದ ಅಂಗದಾನ ಸಂಸ್ಥೆ ಜೀವಸಾರ್ಥಕತೆ. ದಾನವಾಗಿ ಬಂದ ಕಿಡ್ನಿಗೆ ಒಬ್ಬರನ್ನೇ ಅಲ್ಲ, ಹೊಂದಾಣಿಕೆ ಆಗದಿದ್ದರೆ ಇರಲಿ ಅಂತ ಇನ್ನೊಬ್ಬರನ್ನೂ ಕರೆಸುತ್ತಾರೆ. ನನ್ನ ಡ್ಯೂಟಿಯಲ್ಲಿ ಹಾಗೆ ಒಂದು ರಾತ್ರಿ ಇಬ್ಬರು ಬಂದಿದ್ದರು. ಓಟಿ ಹೊರಗೆ ಎರಡೂ ಮನೆಯವರು ಎದುರುಬದುರು ಕೂತಿದ್ದರು. ಮೊದಲು ಮಾತಿಲ್ಲ. ಮಧ್ಯರಾತ್ರಿ ಹೊತ್ತಿಗೆ ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಂಡರು. ಬೆಳಗಿನ ಜಾವ ಡಾಕ್ಟರು ಬಂದು ಹಾಸನದ ಕಡೆಯ ಹೆಂಗಸಿಗೆ, ‘ಈ ಸಲ ನಿಮ್ಮ ಯಜಮಾನರಿಗೆ ಆಗಲಿಲ್ಲಮ್ಮ’ ಅಂದರು. ಆಕೆ ಅಳಲಿಲ್ಲ. ಚಾಪೆ ಸುತ್ತಿದಳು, ಸ್ಟೀಲ್ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ನನ್ನನ್ನು ಕೇಳಿದ್ದು ಒಂದೇ: ‘ಸಿಸ್ಟರ್, ಮೆಜೆಸ್ಟಿಕ್‌ನಿಂದ ಮೊದಲನೇ ಬಸ್ ಎಷ್ಟೊತ್ತಿಗೆ?’

ಇಝೀ ಕತ್ತರಿ ತಗೊಂಡಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಚಾಪೆ. ಪ್ರೀತಿ ಮಾಡಲಿ, ಬೇಡ ಅಂದವರು ಯಾರು?

ಮಾನಿಟರ್‌ನಲ್ಲಿ ಹೃದಯದ ಗೆರೆ ನೇರ ಆದ ಕೂಡಲೇ ಶಾಕ್ ಕೊಡ್ತಾರಲ್ಲ, ನಿಜವಾಗಲೂ ಹಾಗೇನಾ?
– ವಿದ್ಯಾರ್ಥಿ, ವಿಜಯನಗರ

ಅಲ್ಲಪ್ಪ. ಶಾಕ್ ಇರೋದು ಅಡ್ಡಾದಿಡ್ಡಿ ನಡುಗುತ್ತಿರುವ ಹೃದಯವನ್ನು ತಾಳಕ್ಕೆ ತರೋದಕ್ಕೆ. ಗೆರೆ ನೇರ ಆಗಿದ್ದರೆ ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು. ಒತ್ತೋದು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳ, ಮೊಣಕೈ ಮಡಚದೆ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸದಿದ್ದರೆ ಒತ್ತುವವರೇ ಸುಸ್ತು. ಟೀವಿಯಲ್ಲಿ ಒಬ್ಬರ ತಲೆಗೂದಲೂ ಕೆದರುವುದಿಲ್ಲ ನೋಡಿ.

ಡೆರೆಕ್‌ನನ್ನು ಸುಮ್ನೆ ಸಾಯಿಸಿದರು ಅನಿಸಲ್ವಾ? ನಾನಂತೂ ಅಲ್ಲಿಗೇ ನೋಡೋದು ಬಿಟ್ಟೆ.
– ನಿವೃತ್ತ ಬ್ಯಾಂಕ್ ನೌಕರ, ಜಯನಗರ

ಬಿಟ್ಟಿದ್ದು ನಿಮ್ಮಿಷ್ಟ ಸರ್. 2015ರ ಆ ಕಂತು ನನಗೆ ಇಡೀ ಸೀರಿಯಲ್‌ನಲ್ಲೇ ಹೆಚ್ಚು ನಿಜ ಅನಿಸಿದ್ದು. ಆತ ನ್ಯೂರೋಸರ್ಜನ್, ತಲೆ ಆಪರೇಷನ್ ಮಾಡುವವನು. ಆಕ್ಸಿಡೆಂಟ್ ಆಗಿ ಚಿಕ್ಕ ಆಸ್ಪತ್ರೆಗೆ ತಂದಾಗ ಅವನ ತಲೆಯನ್ನೇ ಹೊತ್ತಿಗೆ ಸರಿಯಾಗಿ ಸ್ಕ್ಯಾನ್ ಮಾಡಲಿಲ್ಲ. ಕಿರಿಯ ಡಾಕ್ಟರ್ ಒಬ್ಬಳು ಸ್ಕ್ಯಾನ್ ಮಾಡಿಸೋಣ ಅಂದಳು, ದೊಡ್ಡವರು ಕೇಳಲಿಲ್ಲ. ಅವನಿಗೆಲ್ಲ ಗೊತ್ತಾಗುತ್ತಿದೆ, ಬಾಯಿ ಬರುತ್ತಿಲ್ಲ. ನಮ್ಮೂರಲ್ಲಿ ತಲೆಗೆ ಪೆಟ್ಟು ಅಂದರೆ ಆಟೋದವರೂ ನಿಮ್ಹಾನ್ಸ್ ಕಡೆ ತಿರುಗಿಸುತ್ತಾರೆ, ಅಲ್ವಾ?

ನಿಮ್ಮ ಮೆಚ್ಚಿನ ಪಾತ್ರ? ಕ್ರಿಸ್ಟಿನಾ ತಾನೇ?
– ಓದುಗಿ, ಮಲ್ಲೇಶ್ವರ

ಸರ್ಜನ್ ಕ್ರಿಸ್ಟಿನಾಳ ಕೈಗೆ ನಮಸ್ಕಾರ, ಬಾಯಿಗೆ ಬೇಡ. ನನ್ನವಳು ಬೊಕಿ. ಯಾರು ಅಂತೀರಾ? ಆಪರೇಷನ್ ದೃಶ್ಯದಲ್ಲಿ ಡಾಕ್ಟರ ಪಕ್ಕ ಮಾಸ್ಕ್ ಹಾಕಿಕೊಂಡು ನಿಂತಿರುತ್ತಾಳಲ್ಲ, ಮಾತೇ ಇಲ್ಲದ ನರ್ಸ್, ಅವಳು. ಆ ಪಾತ್ರ ಮಾಡುವಾಕೆ ನಿಜವಾಗಲೂ ಓಟಿ ನರ್ಸ್. ಮೊದಲ ಸಲ ನೋಡಿದಾಗಲೇ ಇವಳು ನಮ್ಮವಳು ಅಂತ ಗೊತ್ತಾಗಿತ್ತು. ಮುಂದಿನ ಸಲ ಡಾಕ್ಟರುಗಳ ಜಗಳ ಬಿಟ್ಟು ಅವಳ ಕೈ ನೋಡಿ. ಡಾಕ್ಟರ್ ಕೈ ಚಾಚುವ ಮೊದಲೇ ಇವಳ ಕೈಯಲ್ಲಿ ಇನ್‌ಸ್ಟ್ರುಮೆಂಟ್ ರೆಡಿ ಇರುತ್ತೆ.