ಓಡ್ತಾ ಇರೋ ಸ್ಕ್ರಿಪ್ಟನ್ನ ಯಾಕೆ ಮುಟ್ಟಬೇಕು?

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ: 'ಸ್ಕ್ರಿಪ್ಟ್ ಬರೆಯುವವರು ಒಂದು ಲಿಂಟರ್ ಇಟ್ಟುಕೊಳ್ಳಿ.' ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಸಾಲು ಸಾಲಾಗಿ ಕೆಲಸ ಹೇಳುವ ಪುಟ್ಟ ಪ್ರೋಗ್ರಾಂ. ಲಿಂಟರ್ ಅಂದರೆ ನೀವು ಬರೆದ ಕೋಡನ್ನು ಓಡಿಸದೆ, ಬರೀ ಓದಿ, ತಪ್ಪು ಹೇಳುವ ಪ್ರೋಗ್ರಾಂ. ಈ ಸಲ ಬಂದ ಪತ್ರಗಳೆಲ್ಲ ಬಹುಪಾಲು ಅದರ ಮೇಲೆಯೇ. ಪ್ರಿಂಟರ್ ಮತ್ತು ವೈಫೈ ಪ್ರಶ್ನೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಶಿವಮೊಗ್ಗದಿಂದ: ನಮ್ಮ ಅಂಗಡಿಯ ಲೆಕ್ಕದ ಬ್ಯಾಕಪ್‌ಗೆ ಒಂದು ಬ್ಯಾಶ್ ಸ್ಕ್ರಿಪ್ಟ್ ಬರೆದಿದ್ದೇನೆ. ಎರಡು ವರ್ಷದಿಂದ ಒಂದು ದಿನವೂ ಕೈ ಕೊಟ್ಟಿಲ್ಲ. ನಿಮ್ಮ ಮಾತು ಕೇಳಿ ಬ್ಯಾಶ್ ಸ್ಕ್ರಿಪ್ಟಿನ ಲಿಂಟರ್ ಶೆಲ್‌ಚೆಕ್ ಹಾಕಿದೆ. 41 ಎಚ್ಚರಿಕೆ! ಅದರಲ್ಲಿ ಮುಕ್ಕಾಲು ಪಾಲು ಒಂದೇ, ಎಸ್‌ಸಿ2086. ಚೆನ್ನಾಗಿ ಓಡ್ತಾ ಇರೋದನ್ನ ಯಾಕೆ ಮುಟ್ಟಬೇಕು?

ಇದೇ ಮಾತನ್ನು ನಾನೂ ಆಡುತ್ತಿದ್ದೆ, ಸ್ವಲ್ಪ ಜಂಬದಿಂದಲೇ. 2009ರಲ್ಲಿ ಒಂದು ಮುದ್ರಣಾಲಯದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಅಚ್ಚಾಗಿ ಮುಗಿದ ಪುಟಗಳನ್ನು ಪ್ರತಿ ಭಾನುವಾರ ರಾತ್ರಿ ಅಳಿಸುವ ಸ್ಕ್ರಿಪ್ಟ್ ನನ್ನದು. ಏಳೇ ಸಾಲು. ಮೇಲೆ ಒಂದು ವೇರಿಯಬಲ್‌ನಲ್ಲಿ, ಅಂದರೆ ಮೌಲ್ಯ ಇಟ್ಟುಕೊಳ್ಳುವ ಹೆಸರಿನಲ್ಲಿ, ಫೋಲ್ಡರಿನ ಹೆಸರು. ಕೆಳಗೆ ಅಳಿಸುವ ಆರ್‌ಎಂ ಕಮ್ಯಾಂಡ್, ಅದರ ಪಕ್ಕ ಆ ವೇರಿಯಬಲ್. ವೇರಿಯಬಲ್ ಸುತ್ತ ಕೋಟ್ (ಉದ್ಧರಣ ಚಿಹ್ನೆ) ಇಲ್ಲ. ಫೋಲ್ಡರಿನ ಹೆಸರು 'ಓಲ್ಡ್‌ಪೇಜಸ್', ಕೂಡಿಸಿ ಬರೆದದ್ದು. ವರ್ಷಗಟ್ಟಲೆ ಓಡಿತು.

ಪುಟ ವಿನ್ಯಾಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಅಚ್ಚುಕಟ್ಟು ಜಾಸ್ತಿ. ಹೆಸರನ್ನು ಬಿಡಿಸಿ 'ಓಲ್ಡ್ ಪೇಜಸ್' ಎಂದು ಮಾಡಿದ. ನಾನೂ ಸ್ಕ್ರಿಪ್ಟಿನ ಮೇಲಿನ ಸಾಲಿನಲ್ಲಿ ಹಾಗೇ ತಿದ್ದಿ ಮನೆಗೆ ಹೋದೆ. ಕೋಟ್ ಇಲ್ಲದ ವೇರಿಯಬಲ್ ಸಿಕ್ಕರೆ ಶೆಲ್ (ಕಮ್ಯಾಂಡ್‌ಗಳನ್ನು ಓಡಿಸುವ ಬ್ಯಾಶ್‌ನಂಥ ಪ್ರೋಗ್ರಾಂ) ಅದನ್ನು ಸ್ಪೇಸ್ ಇದ್ದಲ್ಲಿ ಕತ್ತರಿಸುತ್ತದೆ. ಆರ್‌ಎಂ ಕೈಗೆ ಹೋದದ್ದು ಒಂದು ಹೆಸರಲ್ಲ, ಎರಡು: 'ಓಲ್ಡ್' ಒಂದು, 'ಪೇಜಸ್' ಇನ್ನೊಂದು. 'ಪೇಜಸ್' ಎಂಬ ಫೋಲ್ಡರ್ ಅಲ್ಲಿ ಇರಲಿಲ್ಲ. 'ಓಲ್ಡ್' ಇತ್ತು! ಹಳೇ ಜಾಹೀರಾತುಗಳ ಸ್ಕ್ಯಾನ್‌ಗಳು ಅದರಲ್ಲಿದ್ದವು. ಸೋಮವಾರ ಬೆಳಿಗ್ಗೆ ನೋಡಿದರೆ ಅಳಿಯಬೇಕಾದ್ದು ಹಾಗೇ ಇದೆ, ಉಳಿಯಬೇಕಾದ್ದು ಇಲ್ಲ. ಬೀರುವಿನಲ್ಲಿದ್ದ ಡಿವಿಡಿಗಳಿಂದ ಅರ್ಧ ವಾಪಸ್ ಬಂತು. ಉಳಿದರ್ಧಕ್ಕೆ ನಾಲ್ಕು ದಿನ ಸ್ಕ್ಯಾನರ್ ಮುಂದೆ ಕೂತೆ. ಹುಡುಗನನ್ನು ಬೈಯೋಣ ಅಂದರೆ ತಪ್ಪು ಅವನದ್ದಲ್ಲ.

ಎಸ್‌ಸಿ2086 ಹೇಳುವುದು ಇದನ್ನೇ. ವೇರಿಯಬಲ್‌ಗೆ ಕೋಟ್ ಹಾಕಿ, ಇಲ್ಲದಿದ್ದರೆ ಹೆಸರು ಒಡೆಯುತ್ತದೆ. ಅದರಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಫೋಲ್ಡರಿನ ಫೈಲ್‌ಗಳೆಲ್ಲ ಒಳಗೆ ಬಂದು ಕೂರುತ್ತವೆ. ನಿಮ್ಮ ಸ್ಕ್ರಿಪ್ಟ್ ಎರಡು ವರ್ಷ ಓಡಿದೆ ಅಂದರೆ ಎರಡು ವರ್ಷದಲ್ಲಿ ಯಾರೂ ಸ್ಪೇಸ್ ಇರುವ ಹೆಸರು ಇಟ್ಟಿಲ್ಲ, ಅಷ್ಟೇ. ನನ್ನ ಕಾಲಕ್ಕೆ ಶೆಲ್‌ಚೆಕ್ ಇನ್ನೂ ಹುಟ್ಟಿರಲಿಲ್ಲ. ವಿಡಾರ್ ಹೋಲೆನ್ ಎಂಬುವರು ಅದನ್ನು ಶುರು ಮಾಡಿದ್ದು 2012ರಲ್ಲಿ. ನಿಮಗೆ ಆ ನೆಪವೂ ಇಲ್ಲ.

41ನ್ನೂ ಕೈಯಲ್ಲಿ ತಿದ್ದುತ್ತಾ ಕೂರಬೇಡಿ. ಶೆಲ್‌ಚೆಕ್‌ಗೆ ಡಿಫ್ ರೂಪದಲ್ಲಿ (ಹಳೆ ಸಾಲಿಗೂ ಹೊಸ ಸಾಲಿಗೂ ಇರುವ ವ್ಯತ್ಯಾಸ) ಉತ್ತರ ಕೊಡು ಎಂದರೆ ಕೋಟ್ ಹಾಕುವಂಥ ತಿದ್ದುಪಡಿಗಳನ್ನು ಅದೇ ಬರೆದು ಕೊಡುತ್ತದೆ. ಓದಿ ನೋಡಿ ಒಪ್ಪಿಕೊಳ್ಳಿ. ನಿಮ್ಮ ಕಣ್ಣನ್ನು ಅಳಿಸುವ ಆರ್‌ಎಂ, ಸರಿಸುವ ಎಂವಿ, ಇನ್ನೊಂದು ಫೋಲ್ಡರಿಗೆ ಹೋಗುವ ಸಿಡಿ ಇರುವ ಸಾಲುಗಳಿಗೆ ಮೀಸಲಿಡಿ. ಸಿಡಿ ಮಾಡಿದ ಫೋಲ್ಡರ್ ಇಲ್ಲದಿದ್ದರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ, ನಿಂತ ಜಾಗದಲ್ಲೇ ಮುಂದಿನ ಸಾಲು ಓಡಿಸುತ್ತದೆ. ಅದಕ್ಕೆ ಎಸ್‌ಸಿ2164 ಬರುತ್ತದೆ.

ಕೋಟ್ ಒಂದೇ ಸಾಲದು ಎನ್ನುವುದಕ್ಕೆ 2015ರ ಜನವರಿಯಲ್ಲಿ ಸುದ್ದಿಯಾದ ಲಿನಕ್ಸ್ ಸ್ಟೀಮ್ ಪ್ರಕರಣ ಇದೆ. ಆಟಗಳ ಆ ತಂತ್ರಾಂಶದ ಸ್ಕ್ರಿಪ್ಟಿನಲ್ಲಿ ಒಂದು ಆರ್‌ಎಂ ಸಾಲು. ಫೋಲ್ಡರಿನ ವೇರಿಯಬಲ್, ಒಂದು ಓರೆಗೆರೆ, ಒಂದು ನಕ್ಷತ್ರ. ಕೋಟ್ ಸರಿಯಾಗೇ ಇತ್ತು. ಆದರೆ ಫೋಲ್ಡರನ್ನು ಬೇರೆ ಕಡೆ ಸರಿಸಿದವರೊಬ್ಬರ ಕಂಪ್ಯೂಟರಿನಲ್ಲಿ ವೇರಿಯಬಲ್ ಖಾಲಿಯಾಯಿತು. ಉಳಿದದ್ದು ಓರೆಗೆರೆ ಮತ್ತು ನಕ್ಷತ್ರ, ಅಂದರೆ ಇಡೀ ಡಿಸ್ಕು. ಆ ಸಾಲಿನ ತಲೆ ಮೇಲೆ ಬರೆದವರೇ 'ಸ್ಕೇರಿ' ಎಂದು ಕಾಮೆಂಟ್ ಹಾಕಿದ್ದರು. ಭಯ ಆಗಿತ್ತು, ಆದರೂ ಹಾಗೇ ಬಿಟ್ಟರು, ಅಲ್ವಾ? ಈಗ ಇಂಥ ಸಾಲಿಗೆ ಎಸ್‌ಸಿ2115 ಬರುತ್ತದೆ. ಪರಿಹಾರವನ್ನೂ ಅದೇ ಹೇಳುತ್ತದೆ: ವೇರಿಯಬಲ್ ಹೆಸರಿನ ಪಕ್ಕ ಕೋಲನ್ ಮತ್ತು ಪ್ರಶ್ನೆ ಚಿಹ್ನೆ ಹಾಕಿ ಮೀಸೆ ಬ್ರಾಕೆಟಿನಲ್ಲಿ ಇಡುವುದು. ಖಾಲಿ ಇದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಹಾಸನದಿಂದ ಡಿಪ್ಲೊಮಾ ವಿದ್ಯಾರ್ಥಿನಿ: ನನ್ನ ಪೈಥಾನ್ ಪ್ರಾಜೆಕ್ಟ್‌ಗೆ ಪೈಲಿಂಟ್ ಎಂಬ ಲಿಂಟರ್ 10ಕ್ಕೆ 3.2 ಕೊಟ್ಟಿದೆ. ಕಾಲೇಜಿನಲ್ಲಿ ತೋರಿಸೋಕೆ ನಾಚಿಕೆ. ಅಷ್ಟು ಕೆಟ್ಟದಾಗಿದೆಯಾ?

ಇಲ್ಲ. ಮೊದಲೆಲ್ಲ ಪೈಲಿಂಟ್ ಅಂಕ ಮೈನಸ್‌ಗೂ ಇಳಿಯುತ್ತಿತ್ತು, ನನ್ನದೊಂದು ಇಳಿದಿತ್ತು. ನೀವು ಕಳಿಸಿದ ವರದಿಯಲ್ಲಿ ಬಹುಪಾಲು 'ಫಂಕ್ಷನ್‌ಗೆ ವಿವರಣೆ ಬರೆದಿಲ್ಲ', 'ಸಾಲು ಉದ್ದ' ಇಂಥವು. ಮೊದಲ ಸಲಕ್ಕೆ 'ಎರರ್ಸ್ ಓನ್ಲಿ' ಎಂಬ ಆಯ್ಕೆ ಕೊಟ್ಟು ಓಡಿಸಿ. ಗೊಣಗಾಟ ನಿಂತು ನಿಜವಾದ ತಪ್ಪು ಮಾತ್ರ ಉಳಿಯುತ್ತದೆ. ನಿಮ್ಮದರಲ್ಲಿ ಅಂಥದ್ದು ಒಂದಿದೆ. ಎಲ್ಸ್ ಭಾಗದಲ್ಲಿ (ಷರತ್ತು ಸುಳ್ಳಾದಾಗ ಓಡುವುದು) 'ಟೋಟಲ್' ಬದಲು 'ಟೋಟ್ಲ್' ಎಂದು ಬರೆದಿದ್ದೀರಿ. ಪೈಥಾನ್ ಆ ಸಾಲಿಗೆ ಹೋಗುವ ತನಕ ಹೆಸರಿನ ತಪ್ಪನ್ನು ಹೇಳುವುದಿಲ್ಲ. ನೀವು ಎಲ್ಸ್ ಒಳಗೆ ಹೋಗುವಂತೆ ಒಮ್ಮೆಯೂ ಓಡಿಸಿಲ್ಲ ಎಂದು ಇದರಲ್ಲೇ ಗೊತ್ತಾಯಿತು.

ಆದರೆ ಆ ಗೊಣಗಾಟದ ರಾಶಿಯಲ್ಲಿ ಇನ್ನೊಂದು ಚಿನ್ನ ಇತ್ತು: ಡಬ್ಲ್ಯು0102. ಇದು ಎಚ್ಚರಿಕೆಯ ಗುಂಪಿನದು, ಎರರ್ಸ್ ಓನ್ಲಿಯಲ್ಲಿ ಕಾಣಿಸುವುದಿಲ್ಲ. ಹಾಜರಿ ಸೇರಿಸುವ ಫಂಕ್ಷನ್‌ಗೆ 'ಪಟ್ಟಿ ಕೊಡದಿದ್ದರೆ ಖಾಲಿ ಪಟ್ಟಿ ತೆಗೆದುಕೋ' ಎಂದು ಡೀಫಾಲ್ಟ್ ಕೊಟ್ಟಿದ್ದೀರಿ. ಸೋಮವಾರದ ತರಗತಿಗೆ ಗೀತಾ ಹೆಸರು ಸೇರಿಸಿದರೆ ಗೀತಾ ಒಬ್ಬಳೇ ಬರುತ್ತಾಳೆ. ಮಂಗಳವಾರಕ್ಕೆಂದು ರಮೇಶನನ್ನು ಸೇರಿಸಿ. ಗೀತಾ ಅಲ್ಲೂ ಕೂತಿರುತ್ತಾಳೆ! ಪ್ರತಿ ಸಲ ಹೊಸ ಪಟ್ಟಿ ಹುಟ್ಟುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ, ಫಂಕ್ಷನ್ ಶುರುವಾಗುವ ಡೆಫ್ ಸಾಲು ಓಡಿದಾಗ ಒಂದೇ ಒಂದು ಪಟ್ಟಿ ಹುಟ್ಟುತ್ತದೆ. ಆಮೇಲೆ ಎಲ್ಲರೂ ಅದೇ ಎಂಜಲು ತಟ್ಟೆಯಲ್ಲೇ ಉಣ್ಣಬೇಕು. ಡೀಫಾಲ್ಟ್ ಜಾಗದಲ್ಲಿ 'ನನ್' (None, ಅಂದರೆ ಏನೂ ಇಲ್ಲ) ಎಂದು ಕೊಟ್ಟು, ಒಳಗೆ 'ನನ್ ಆಗಿದ್ದರೆ ಹೊಸ ಪಟ್ಟಿ' ಎಂದು ಎರಡು ಸಾಲು ಬರೆಯಿರಿ. ಅಂಕ 10 ಮಾಡುವ ಗೋಜಿಗೆ ಹೋಗಬೇಡಿ. ಈ ಎರಡು ತಿದ್ದಿ ತೋರಿಸಿ.

ತುಮಕೂರಿನಿಂದ: ಈ 'ಲಿಂಟ್' ಅಂದರೇನು?

ಬಟ್ಟೆಗೆ ಅಂಟಿಕೊಳ್ಳುವ ಜುಂಗು, ನೂಲಿನ ಎಳೆ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗೆ ಬರೆದ ಪ್ರೋಗ್ರಾಮಿಗೆ ಆ ಹೆಸರಿಟ್ಟರು. ಆಮೇಲೆ ಬಂದವೆಲ್ಲ ಅದರ ಮೊಮ್ಮಕ್ಕಳು.

ಧಾರವಾಡದಿಂದ: ನಿಘಂಟಿನ ಪದಗಳನ್ನು ಫೈಲಿಗೆ ಹಾಕಿ ಹುಡುಕುವ ಪೈಥಾನ್ ಸ್ಕ್ರಿಪ್ಟ್ ಮಾಡಿದ್ದೇನೆ. ರಫ್ ಎಂಬ ಲಿಂಟರ್ 'ಎಲ್ಲ ಸರಿ ಇದೆ' ಎನ್ನುತ್ತದೆ. ಆದರೂ ಕಣ್ಣಿಗೆ ಕಾಣುವ ಪದವೇ ಹುಡುಕಿದರೆ ಸಿಗೋದಿಲ್ಲ. ಸಿಗದ ಹತ್ತು ಪದ ಕಳಿಸಿದ್ದೇನೆ.

ಕೋಡ್ ಸರಿಯಾಗೇ ಇದೆ. ರಫ್ ನಿಮ್ಮ ಕೋಡ್ ಓದುತ್ತದೆ, ಪದಗಳ ಫೈಲನ್ನಲ್ಲ. ಈ ಎರಡನ್ನು ನೋಡಿ: ಅಂಕ, ಅ೦ಕ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಕನ್ನಡದ ಸೊನ್ನೆ, '೧೦'ರಲ್ಲಿ ಒಂದರ ಪಕ್ಕ ಬರುವ ಅಂಕಿ. ಟೈಪ್ ಮಾಡಿದವರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಪದಗಳನ್ನು ಪೈಥಾನಿನಲ್ಲಿ ಸುಮ್ನೆ ಒಮ್ಮೆ ಸಾರ್ಟ್ ಮಾಡಿ ನೋಡಿ. ಅನುಸ್ವಾರದ 'ಅಂಕ' ಅಕಾರದ ಪದಗಳ ಮುಂಚೂಣಿಯಲ್ಲಿರುತ್ತದೆ, ಸೊನ್ನೆಯದ್ದು ಅಕಾರ ಮುಗಿಯುವ ಕಡೆ ಹೋಗಿ ಬಿದ್ದಿರುತ್ತದೆ.

ಇದಕ್ಕೆ ನಿಮ್ಮದೇ ಒಂದು ಪುಟ್ಟ ಲಿಂಟರ್ ಬರೆಯಿರಿ. ಒಂದೇ ಪದದಲ್ಲಿ ಅಕ್ಷರವೂ ಅಂಕಿಯೂ ಇದ್ದರೆ ತೋರಿಸು, ಅಷ್ಟೇ. 'ಇದು ಅಂಕಿಯೇ?' ಎಂದು ನೋಡುವ ಪೈಥಾನಿನ ಈಸ್‌ಡಿಜಿಟ್‌ಗೆ ಕನ್ನಡ ಅಂಕಿಗಳು ಗೊತ್ತು. '೧೦ನೇ' ತರಹದವೂ ಬಲೆಗೆ ಬೀಳುತ್ತವೆ, ಅವನ್ನು ನೋಡಿ ಬಿಟ್ಟುಬಿಡಿ. ಸೊನ್ನೆಯನ್ನೆಲ್ಲ ಒಂದೇಟಿಗೆ ಅನುಸ್ವಾರ ಮಾಡಿದಿರೋ, ಈ '೧೦' ಹಾಳಾಗುತ್ತದೆ.

ಇನ್ನೊಂದು ಕಳ್ಳ ಇದ್ದಾನೆ. ಅರ್ಧಾಕ್ಷರ ಒತ್ತಾಗದಂತೆ ತಡೆಯಲು ನಾವು ಹಾಕುವ ಕಾಣದ ಅಕ್ಷರ, ಝಡ್‌ಡಬ್ಲ್ಯುಎನ್‌ಜೆ. 'ಸಾಫ್ಟ್‌ವೇರ್' ಮಧ್ಯೆ ಅದು ಬೇಕೇ ಬೇಕು. 'ಬಸ್' ಮುಗಿದ ಮೇಲೆ ಅಂಟಿಕೊಂಡರೆ ಕಣ್ಣಿಗೂ ಬೀಳುವುದಿಲ್ಲ, ಪದದ ಆಚೀಚೆಯ ಸ್ಪೇಸ್ ತೆಗೆಯುವ ಪೈಥಾನಿನ ಸ್ಟ್ರಿಪ್‌ಗೂ ಸಿಗುವುದಿಲ್ಲ, ಏಕೆಂದರೆ ಅದು ಸ್ಪೇಸ್ ಅಲ್ಲ. ಕೊನೆಯಿಂದಷ್ಟೇ ಕತ್ತರಿಸುವ ಆರ್‌ಸ್ಟ್ರಿಪ್‌ಗೆ ಆ ಅಕ್ಷರವನ್ನೇ ಕೊಟ್ಟು ಕೊನೆಯಿಂದ ಮಾತ್ರ ತೆಗೆಯಿರಿ.

ನೀವು ಕಳಿಸಿದ ಹತ್ತರಲ್ಲಿ ಏಳಕ್ಕೆ ಸೊನ್ನೆ ಕಾರಣ, ಎರಡಕ್ಕೆ ಈ ಕಳ್ಳ. ಹತ್ತನೆಯದು 'ಶೃಂಗಾರ'. ಫೈಲಿನಲ್ಲಿ ನೀವು 'ಶ್ರಂಗಾರ' ಎಂದು ಬರೆದಿದ್ದೀರಿ. ಅದಕ್ಕೆ ಕಂಪ್ಯೂಟರನ್ನು ಬೈಯಬೇಡಿ.