ಉಸಿರು ತಯಾರಾದ್ರೆ ಎಲುಬೂ ತಯಾರಾಯ್ತು ಅಂತ ಯಾರು ಹೇಳಿದ್ರು?

ನವೆಂಬರ್ ಬಂತು ಅಂದ್ರೆ ನನಗೆ ಒಂದೇ ನಮೂನೆ ಪ್ರಶ್ನೆ ಬರೋಕೆ ಶುರು. ಮಳೆ ಬಿಟ್ಟಿರ್ತದೆ, ಬೆಳಿಗ್ಗೆ ಸ್ವಲ್ಪ ಚಳಿ ಇರ್ತದೆ, ಯಾರೋ ಗೆಳೆಯ ಕೊರಳಿಗೆ ಮೆಡಲ್ ಹಾಕ್ಕೊಂಡ ಫೋಟೋ ಸ್ಟೇಟಸ್ ಇಟ್ಟಿರ್ತಾನೆ, ಅಷ್ಟೇ, ಊರಿಗೆ ಊರೇ ಓಡೋಕೆ ಹೊರಡ್ತದೆ. ಓಡ್ಲಿ, ಖುಷಿನೇ. ಆದ್ರೆ ಅದೇ ಜನ ಕ್ರಿಸ್ಮಸ್ ಹೊತ್ತಿಗೆ ಕುಂಟ್ಕೊಂಡು ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ನನಗೆ ಸಿಟ್ಟು ಬರ್ತದೆ, ಹತ್ತೊಂಬತ್ತು ವರ್ಷದಿಂದ ಇದೇ ನೋಡ್ತಾ ಇದ್ದೇನೆ ಮಾರಾಯ್ರೆ. ಅದಕ್ಕೆ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ, ಉಳಿದವ್ರು ಬೇಜಾರು ಮಾಡ್ಕೋಬೇಡಿ. ವಾರ್ಮ್ ಅಪ್ ಬೇಕಾ, ಊಟ ಮಾಡಿದ ಕೂಡ್ಲೆ ಓಡಬಹುದಾ ಅಂತೆಲ್ಲ ಕೇಳಿದವ್ರಿಗೆ ಉತ್ತರ ಬರೆದಿಲ್ಲ, ಅಷ್ಟು ನಿಮಗೇ ಗೊತ್ತಿದೆ. ಮತ್ತೆ ಡಾಕ್ಟ್ರೇ ಡಾಕ್ಟ್ರೇ ಅಂತ ಬರೀಬೇಡಿ, ನಾನು ಫಿಸಿಯೋಥೆರಪಿಸ್ಟ್.

ಪ್ರಶ್ನೆ: ನಂಗೆ 34 ವರ್ಷ, ಕಾರವಾರ ಕೋಡಿಬಾಗ, ಬ್ಯಾಂಕ್ ಕೆಲಸ. ಮೊದಲು ಯಾವತ್ತೂ ಓಡಿದವ ಅಲ್ಲ. ಆ್ಯಪ್ ಹಾಕ್ಕೊಂಡು ಜನವರಿಯ 21 ಕಿಲೋಮೀಟರಿಗೆ ತಯಾರಿ ಶುರು ಮಾಡಿದೆ. ಐದು ವಾರದಲ್ಲಿ 8 ಕಿಲೋಮೀಟರ್ ಆಯ್ತು, ಉಸಿರಿಗೆ ಏನೂ ತೊಂದ್ರೆ ಇಲ್ಲ. ಆದ್ರೆ ಎಡಗಾಲು ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿ ನೋವು. ಪಕ್ಕದ ಮನೆಯವ್ರು ಉಳುಕು ತೆಗೆಯುವವರ ಹತ್ರ ಕರ್ಕೊಂಡು ಹೋದ್ರು, ಎಣ್ಣೆ ಹಚ್ಚಿ ಗಟ್ಟಿ ತಿಕ್ಕಿ ಪಟ್ಟಿ ಕಟ್ಟಿದ್ರು, ನಾಲ್ಕು ದಿನ ಆಯ್ತು, ನೋವು ಜಾಸ್ತಿನೇ ಆಗಿದೆ. ಈ ವಾರ ಆ್ಯಪ್ 10 ಕಿಲೋಮೀಟರ್ ತೋರಿಸ್ತಾ ಇದೆ. ಗುಳಿಗೆ ತಗೊಂಡು ಓಡಿ ಮುಗಿಸ್ಲಾ, ಬಿಡ್ಲಾ?

ಉತ್ತರ: ಬಿಡಿ.

ಗುಳಿಗೆ ನುಂಗಿ ಓಡೋದು ಅಂದ್ರೆ ಮನೆಗೆ ಕಳ್ಳ ಬಂದಾಗ ಬೊಗಳೋ ನಾಯಿ ಬಾಯಿ ಕಟ್ಟಿ ಮಲಗಿದ ಹಾಗೆ. ನೋವಿನ ಗುಳಿಗೆ ನೋವು ಮುಚ್ತದೆ, ಎಲುಬು ಕೂಡಿಸೋದಿಲ್ಲ, ಮೇಲಿಂದ ಬೆವರು ಹರಿದು ಮೈ ಒಣಗಿರೋವಾಗ ಅದು ಕಿಡ್ನಿಗೂ ಒಳ್ಳೇದಲ್ಲ. ಇನ್ನು ತಿಕ್ಕಿಸ್ಕೊಂಡ ಕಥೆ. ಉಳುಕು ತೆಗೆಯೋಕೆ ಅಲ್ಲಿ ಉಳುಕೇ ಇಲ್ಲವಲ್ಲ ಸ್ವಾಮಿ. ನಿಮ್ಮ ಕಾಲು ಹೊರಳಿಲ್ಲ, ನೀವು ಬಿದ್ದಿಲ್ಲ, ದಿನಾ ಒಂದೇ ಎಲುಬಿನ ಮೇಲೆ ಸಾವಿರಗಟ್ಟಲೆ ಸಲ ಪೆಟ್ಟು ಬಿದ್ದು ಅದು ಸೋತಿದೆ. ಸೋತ ಎಲುಬಿನ ಮೇಲೆ ಹೆಬ್ಬೆರಳು ಊರಿ ತಿಕ್ಕಿದ್ರೆ ನೋವು ಜಾಸ್ತಿ ಆಗದೆ ಮತ್ತೇನಾಗ್ತದೆ? ಎಣ್ಣೆ ಮೇಲೆ ನಂಗೆ ಸಿಟ್ಟಿಲ್ಲ, ನನ್ನ ಅಜ್ಜಿನೂ ಹಚ್ಚಿದವಳೇ. ಏನಾಗಿದೆ ಅಂತ ಕೇಳದೆ ಕೈ ಹಾಕ್ತಾರಲ್ಲ, ಅದಕ್ಕೆ ಸಿಟ್ಟು.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು "ಉಸಿರಿಗೆ ಏನೂ ತೊಂದ್ರೆ ಇಲ್ಲ". ಹೊಸದಾಗಿ ಓಡೋರಲ್ಲಿ ಮುಕ್ಕಾಲು ಪಾಲು ಜನ ಎಡವೋದು ಇಲ್ಲೇ. ಓಡೋಕೆ ಶುರು ಮಾಡಿ ಒಂದೆರಡು ವಾರಕ್ಕೇ ರಕ್ತದ ನೀರಿನಂಶ ಜಾಸ್ತಿ ಆಗ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ತದೆ, ಹಾಗಾಗಿ ಮೂರನೇ ವಾರಕ್ಕೆ ಅರೆ ನಾನು ಎಷ್ಟು ಆರಾಮ ಓಡ್ತಾ ಇದ್ದೇನೆ ಅನ್ನಿಸ್ತದೆ. ಸ್ನಾಯು ಅದರ ಹಿಂದೆ ಬರ್ತದೆ. ಎಲುಬು ಎಲ್ಲಕ್ಕಿಂತ ಕೊನೆಗೆ, ಮದುವೆ ಮನೆಗೆ ಅಡುಗೆ ಪಾತ್ರೆ ಬಂದ ಮೇಲೆ ಸೌದೆ ಬಂದ ಹಾಗೆ.

ಯಾಕೆ ಹೀಗೆ ಅಂದ್ರೆ, ಮಳೆಗಾಲದ ಮೊದಲು ಹಂಚು ಕೈಯಾಡಿಸೋದು ನೋಡಿದ್ದೀರಲ್ಲ? ಒಡೆದ ಹಂಚು, ಜಾರಿದ ಹಂಚು ಮೊದಲು ತೆಗೀತಾರೆ, ಆಮೇಲೆ ಹೊಸದು ಕೂರಿಸ್ತಾರೆ. ಎಲುಬೂ ಅದೇ ಮಾಡ್ತದೆ. ಹೊಸ ಭಾರ ಬಿತ್ತು ಅಂತ ಗೊತ್ತಾದ ಕೂಡ್ಲೆ ಹಳೇ ಎಲುಬು ತಿಂದು ತೆಗೆಯೋ ಕಣಗಳು ಕೆಲಸಕ್ಕೆ ಇಳೀತವೆ, ಅದು ಎರಡ್ಮೂರು ವಾರದ ಕೆಲಸ. ಹಿಂದಿನಿಂದ ಕಟ್ಟೋ ಕಣಗಳು ಬರ್ತವೆ, ಅವಕ್ಕೆ ಮೂರ್ನಾಲ್ಕು ತಿಂಗಳು ಬೇಕು. ಅಂದ್ರೆ ನಿಮ್ಮ ಐದನೇ ವಾರದಲ್ಲಿ ಮಾಡಿನ ಅರ್ಧ ಹಂಚು ಅಂಗಳದಲ್ಲಿದೆ, ಆ ಹೊತ್ತಿಗೆ ಸರಿಯಾಗಿ ನೀವು ಜೂನ್ ತಿಂಗಳ ಮಳೆ ಸುರಿಸ್ತಾ ಇದ್ದೀರಿ. ಇದು ಹೊಸ ವಿಷಯ ಏನಲ್ಲ, ಕವಾಯತು ಮಾಡಿ ಮಾಡಿ ಪಾದ ಊದಿದ ಸೈನಿಕರ ಬಗ್ಗೆ ಪ್ರಶ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಬರೆದಿದ್ದ, ಆಗ ಎಕ್ಸ್‌ರೇ ಹುಟ್ಟೋಕೆ ಇನ್ನೂ ನಲವತ್ತು ವರ್ಷ ಇತ್ತು, ಆ ಊತದ ಹಿಂದೆ ಇದ್ದದ್ದು ಸೋತ ಎಲುಬಿನ ಸೀಳು ಅಂತ ಗೊತ್ತಾಗಿದ್ದು ಎಕ್ಸ್‌ರೇ ಬಂದ ಮೇಲೆ.

ಹಾಗಾದ್ರೆ ನಿಮಗೆ ಆಗಿರೋದು ಏನು? ಎರಡರಲ್ಲಿ ಒಂದು. ಕುರ್ಚಿ ಮೇಲೆ ಕೂತು, ಎಡಗಾಲು ಬಲತೊಡೆ ಮೇಲಿಟ್ಟು, ಹೆಬ್ಬೆರಳಿಂದ ಎಲುಬಿನ ಒಳಅಂಚನ್ನು ಹಿಮ್ಮಡಿ ಗಂಟಿನಿಂದ ಮೇಲಕ್ಕೆ ಇಂಚಿಂಚು ಮೆತ್ತಗೆ ಒತ್ತುತ್ತಾ ಹೋಗಿ. ನೋವು ನಾಲ್ಕು ಬೆರಳಗಲಕ್ಕಿಂತ ಉದ್ದಕ್ಕೆ ಹರಡಿದ್ರೆ, ಓಡೋಕೆ ಶುರು ಮಾಡಿದಾಗ ಇದ್ದು ಮೈ ಬಿಸಿಯಾದ ಮೇಲೆ ಕಡಿಮೆ ಆಗ್ತಿದ್ರೆ, ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್, ಅಂದ್ರೆ ಓಟದ ಒತ್ತಡಕ್ಕೆ ಎಲುಬಿನ ಅಂಚಲ್ಲಿ ಬರೋ ನೋವು, ಸಣ್ಣ ಎಚ್ಚರಿಕೆ. ಅದೇ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದ ಹಾಗೆ ನೋವಿದ್ರೆ, ಓಡಿದಷ್ಟೂ ಜಾಸ್ತಿ ಆಗ್ತಿದ್ರೆ, ರಾತ್ರಿ ಮಲಗಿದಾಗಲೂ ಎಳೀತಿದ್ರೆ, ಅದು ಎಲುಬಿನ ಸೀಳು ಇರಬಹುದು. ನಾಳೆನೇ ಮೂಳೆ ಡಾಕ್ಟರ್ ಹತ್ರ ಹೋಗಿ, ಅಲ್ಲೀವರೆಗೆ ಒಂಟಿಕಾಲಲ್ಲಿ ಕುಪ್ಪಳಿಸಿ ಪರೀಕ್ಷೆ ಮಾಡೋ ಸಾಹಸ ಬೇಡ. ಎಕ್ಸ್‌ರೇಲಿ ಏನೂ ಕಾಣಲಿಲ್ಲ ಅಂತ ಕುಣಿದಾಡ್ಕೊಂಡು ಮನೆಗೆ ಬರಬೇಡಿ, ಮೊದಲ ಎರಡ್ಮೂರು ವಾರ ಎಕ್ಸ್‌ರೇಲಿ ಅದು ಬಹಳ ಸಲ ಕಾಣೋದೇ ಇಲ್ಲ, ಎಂಆರ್‌ಐಲಿ ಕಾಣ್ತದೆ.

ಇದನ್ನ ನಾನು ಇಷ್ಟು ಜೋರಾಗಿ ಹೇಳೋಕೆ ಕಾರಣ ನನ್ನದೇ ಎಡಗಾಲು. ಸುಮಾರು ವರ್ಷದ ಹಿಂದೆ ನಾನೂ ಹೀಗೇ ಒಂದು ನಾಣ್ಯದ ನೋವು ಇಟ್ಕೊಂಡು ಓಡ್ತಾ ಇದ್ದೆ, ಊರಿಗೆಲ್ಲ ಬುದ್ಧಿ ಹೇಳೋಳು ನಾನು. ಎಕ್ಸ್‌ರೇ ಆಯ್ತು, ನೋಡಿದವ್ರು "ಏನೂ ಇಲ್ಲ ಮೇಡಂ" ಅಂದ್ರು, ನನಗೂ ಅದೇ ಬೇಕಿತ್ತು. ರಾತ್ರಿ ಚಾದರದ ಅಂಚು ತಾಗಿದ್ರೂ ಆ ಜಾಗ ಝುಂ ಅಂತಿತ್ತು, ಆದ್ರೂ ಎರಡು ವಾರ ಓಡಿದೆ. ಒಂದು ಬೆಳಿಗ್ಗೆ ಟಾಗೋರ್ ಬೀಚಿನ ಗಾಳಿಮರದ ಹತ್ರ ಕಾಲು ಊರೋಕೇ ಆಗ್ಲಿಲ್ಲ, ಬಲೆ ಬಿಡಿಸ್ತಾ ಕೂತಿದ್ದ ಒಬ್ರು ಅಜ್ಜ ಎಬ್ಬಿಸಿ ರಿಕ್ಷಾ ಹತ್ತಿಸಿದ್ರು. ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದಾಗ ಎಲುಬಿನ ಒಳಗೆ ಬಿಳಿ ಮೋಡದ ನಡುವೆ ಕೂದಲಿನಂಥ ಕರಿ ಗೀಟು. ಮೂರು ತಿಂಗಳು ಮನೇಲಿ. ಹಾಗಾಗಿ ನಾನು ಕಾಯೋಕೆ ಹೇಳೋ ದಿನ ಬೇರೆಯವ್ರಿಗಿಂತ ಒಂದು ವಾರ ಜಾಸ್ತಿನೇ ಇರ್ತದೆ, ಹೆದರುಪುಕ್ಕಲಿ ಅಂದ್ರೆ ಅನ್ನಿ.

ಸೀಳು ಇಲ್ಲ ಅಂತ ಗೊತ್ತಾದ ಮೇಲೆ ಏನು ಮಾಡೋದು ಅಂದ್ರೆ, ನಡೆಯುವಾಗ, ಮೆಟ್ಟಿಲು ಇಳಿಯುವಾಗ, ಒತ್ತಿದಾಗ ಯಾವಾಗಲೂ ನೋವಿಲ್ಲ ಅನ್ನೋ ದಿನ ಬರಬೇಕು, ಆ ದಿನದಿಂದ ಇನ್ನೂ ಒಂದು ವಾರ (ಇದೇ ನನ್ನ ಜಾಸ್ತಿ ವಾರ) ಬರೀ ನಡಿಗೆ. ಅಷ್ಟು ದಿನ ಸೈಕಲ್ ಹೊಡೀರಿ, ಈಜು ಬಂದ್ರೆ ಈಜಿ, ಕಾಳಿ ನದಿ ಸಮುದ್ರ ಸೇರೋ ಕಡೆ ಮಾತ್ರ ದಯವಿಟ್ಟು ಬೇಡ. ಜಗಲಿ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ನಿಧಾನಕ್ಕೆ ಎತ್ತಿ ಇಳಿಸೋದು, ಹದಿನೈದು ಹದಿನೈದರಂತೆ ಮೂರು ಸಲ, ಒಮ್ಮೆ ಮೊಣಕಾಲು ನೆಟ್ಟಗೆ ಇಟ್ಟು ಒಮ್ಮೆ ಸ್ವಲ್ಪ ಮಡಚಿ. ಮೀನಖಂಡ ಗಟ್ಟಿ ಇದ್ದಷ್ಟೂ ಎಲುಬಿನ ಪೆಟ್ಟು ಅದು ಹೊರ್ತದೆ. ಆಮೇಲೆ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಹತ್ತು ಸಲ, ದಿನ ಬಿಟ್ಟು ದಿನ, ವಾರಕ್ಕೆ ಮೂರೇ ಸಲ. ಎರಡು ವಾರ ಅದನ್ನೇ ಮಾಡಿ, ಬೇಜಾರು ಬಂದ್ರೂ ಅದನ್ನೇ ಮಾಡಿ. ನೋವಿಲ್ಲದಿದ್ರೆ ಎರಡು ನಿಮಿಷ ಓಟ ಒಂದು ನಿಮಿಷ ನಡಿಗೆ, ಹೀಗೆ ಓಟ ಹೆಚ್ಚಿಸ್ತಾ ನಡಿಗೆ ಇಳಿಸ್ತಾ ಹೋಗಿ, ನಾಲ್ಕನೇ ವಾರ ಬಂದಾಗೆಲ್ಲ ಮೂರನೇ ಒಂದು ಪಾಲು ಕಡಿಮೆ ಓಡಿ. ನಡುವೆ ನಡೆಯೋದು ನಾಚಿಕೆ ಅಂತೀರಾ? 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲವೇ ಹೊಸಬ್ರಿಗೆ ಕಲಿಸಿದ್ದೇ ಈ ಓಡಿ ನಡೆದು ಓಡೋ ಪದ್ಧತಿ, ಅವರಿಗಿಲ್ಲದ ನಾಚಿಕೆ ನಮಗೆ ಯಾಕೆ.

ವೇಗ ಎಷ್ಟು ಅಂದ್ರೆ, ಪಕ್ಕದಲ್ಲಿ ಓಡೋರ ಹತ್ರ "ಇವತ್ತು ಬಾಂಗಡೆ ನೂರಕ್ಕೆ ಎಷ್ಟು ಕೊಟ್ರು" ಅಂತ ಪೂರ್ತಿ ಕೇಳೋಕೆ ಆಗ್ಬೇಕು. "ಬಾಂಗಡೆ" ಅಂತಷ್ಟೇ ಹೇಳಿ ಏದುಸಿರು ಬಿಟ್ರೆ ಜೋರಾಯ್ತು ಅಂತ ಅರ್ಥ.

ವಾರಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸಿದ್ರೆ ಏನೂ ಆಗೋದಿಲ್ಲ ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇದೆ. ನೆದರ್ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ 532 ಹೊಸ ಓಟಗಾರರನ್ನ ಎರಡು ಗುಂಪು ಮಾಡಿ, ಒಬ್ಬರಿಗೆ ಈ ಲೆಕ್ಕದ 13 ವಾರ, ಇನ್ನೊಬ್ಬರಿಗೆ ಮಾಮೂಲಿ 8 ವಾರ ಕೊಟ್ಟು ನೋಡಿದ್ರು, 2008ರಲ್ಲಿ ಫಲಿತಾಂಶ ಬಂತು, ಎರಡೂ ಕಡೆ ಐದರಲ್ಲಿ ಒಬ್ಬರಿಗೆ ಪೆಟ್ಟು. ಅಂದ್ರೆ ಹಾಳೆ ಮೇಲಿನ ಲೆಕ್ಕ ಒಂದೇ ನಿಮ್ಮನ್ನ ಕಾಯೋದಿಲ್ಲ. ಆ್ಯಪ್ ಹೇಳಿದ್ದು ಅಂದಾಜು, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡೋ ಮೊದಲ ಹತ್ತು ಹೆಜ್ಜೆ ಹೇಳೋದು ನಿಜ. ಆ ಹತ್ತು ಹೆಜ್ಜೇಲಿ ನೋವಿದ್ರೆ ಅವತ್ತು ಓಟ ಇಲ್ಲ, ಕಾರಣ ಕೇಳಬೇಡಿ. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನೋರು ಕೂತಲ್ಲೇ ಕೂತವ್ರಿಗೆ ಅಂತ ಮಾಡಿದ ಹೆಸರುವಾಸಿ ಪ್ಲಾನ್ ಇದೆಯಲ್ಲ, ಅದು 5 ಕಿಲೋಮೀಟರಿಗೇ ಒಂಬತ್ತು ವಾರ ತಗೊಳ್ತದೆ. ನೀವು ಐದು ವಾರಕ್ಕೆ 8.

ಇನ್ನೊಂದು ವಿಷಯ, ನೀವು ಪತ್ರದ ಕೊನೆಗೆ ಬರೆದಿದ್ರಿ, ದಿನಾ ಬೀಚಿನ ಒದ್ದೆ ಮರಳಲ್ಲಿ ಕಾಳಿ ಕಡೆ ಓಡಿ, ವಾಪಸ್ ರಸ್ತೆ ಮೇಲೆ ಬರ್ತೇನೆ ಅಂತ. ಆ ಮರಳು ಸಮುದ್ರದ ಕಡೆ ಇಳಿಜಾರು, ನೀವು ಉತ್ತರಕ್ಕೆ ಓಡುವಾಗ ಸಮುದ್ರ ಎಡಕ್ಕೆ, ಅಂದ್ರೆ ಎಡಗಾಲು ಯಾವಾಗಲೂ ತಗ್ಗಿನಲ್ಲಿ, ಒಂದು ದಿನಾನೂ ಅದಕ್ಕೆ ಪಾಳಿ ಬದಲಾಗ್ಲಿಲ್ಲ. ಇದೇ ಕಾರಣ ಅಂತ ಆಣೆ ಮಾಡಿ ಹೇಳೋದಿಲ್ಲ, ಆದ್ರೆ ಹೋದ ದಾರೀಲೇ ವಾಪಸ್ ಬನ್ನಿ, ನೀರು ಪೂರ್ತಿ ಇಳಿದಾಗ ಓಡಿ, ಆಗ ಸಮತಟ್ಟು ಜಾಗ ಅಗಲಕ್ಕೆ ಸಿಗ್ತದೆ. ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗ್ತದೆ, ಮೀನುಗಾರರ ಹತ್ರ ಕೇಳಿದ್ರೆ ಬಾಯಲ್ಲೇ ಲೆಕ್ಕ ಹೇಳ್ತಾರೆ. ಒಣ ಮರಳಿಗೆ ಇಳೀಲೇಬೇಡಿ, ಅಲ್ಲಿ ಅದೇ ದೂರಕ್ಕೆ ಗಟ್ಟಿ ನೆಲಕ್ಕಿಂತ ಒಂದೂವರೆ ಪಟ್ಟು ಶಕ್ತಿ ಬೇಕು.

ಜನವರಿಯ 21 ಮರೆತುಬಿಡಿ, ಕಟ್ಟಿದ ದುಡ್ಡು ಹೋಗ್ಲಿ. ಮಾರ್ಚ್ ಒಳಗೆ ಆರಾಮಾಗಿ 10 ಆದ್ರೆ ಸಾಕು, ಸೆಖೆಗಾಲ ಮಳೆಗಾಲ ಅದನ್ನ ಉಳಿಸ್ಕೊಳ್ಳಿ, 21 ಮುಂದಿನ ಚಳಿಗೆ ನೋಡೋಣ.

ಪ್ರಶ್ನೆ: ಓಡುವಾಗ ಎದೆ ಹಿಡಿದ ಹಾಗಾಗ್ತದೆ, ನಿಂತ್ರೆ ಹೋಗ್ತದೆ. ಗ್ಯಾಸ್ ಇರಬಹುದಾ? (ವಯಸ್ಸು 47, ಭಟ್ಕಳ)

ಉತ್ತರ: ಇದನ್ನ ಓದ್ತಾ ಇದ್ರೆ ಇಲ್ಲೇ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ಗ್ಯಾಸೋ ಅಲ್ವೋ ಅವ್ರು ಹೇಳ್ಲಿ.

ಪ್ರಶ್ನೆ: ಮೇಡಂ, ಪೊಲೀಸ್ ಫಿಸಿಕಲ್‌ಗೆ ಇಪ್ಪತ್ತು ದಿನ ಇದೆ, 1600 ಮೀಟರ್ ಎಂಟೂವರೆ ನಿಮಿಷ ಆಗ್ತಿದೆ. ಏನಾದ್ರೂ ಪೌಡರ್ ಇದೆಯಾ? (ಅಂಕೋಲಾ)

ಉತ್ತರ: ಇಲ್ಲ ತಮ್ಮಾ. ಇದೆ ಅಂದವ್ರ ಹತ್ರ ದುಡ್ಡು ಕಳ್ಕೋಬೇಡ, ಇಂಜೆಕ್ಷನ್ ಅಂದ್ರೆ ಓಡಿ ಬಾ, ಆ ಓಟವೇ ನಿನ್ನ ಬೆಸ್ಟ್ ಟೈಮಿಂಗ್ ಆಗ್ಲಿ.

ಪ್ರಶ್ನೆ: ಓಡಿದ್ರೆ ಮೊಣಕಾಲು ಸವೀತದೆ ಅಂತ ಮನೇಲಿ ಬಿಡ್ತಾ ಇಲ್ಲ. (ಕುಮಟಾ)

ಉತ್ತರ: ಹಲವು ಅಧ್ಯಯನ ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ ಹವ್ಯಾಸಕ್ಕೆ ಓಡೋರಲ್ಲಿ ಸೊಂಟ ಮೊಣಕಾಲಿನ ಸವೆತ ನೂರಕ್ಕೆ 3.5, ಓಡದೆ ಕೂತವ್ರಲ್ಲಿ 10.2 ಇತ್ತು. ಸ್ಪರ್ಧೆಗೆ ಅಂತಲೇ ಓಡೋರಲ್ಲಿ 13.3, ಆದ್ರೆ ನೀವು ಸದ್ಯಕ್ಕೆ ಅಲ್ಲಿಗೆ ಹೋಗೋದಿಲ್ಲ ಅಂತ ಮನೇಲಿ ಹೇಳಿ.

ಪ್ರಶ್ನೆ: ಉದ್ದ ಓಟದ ಮೊದಲು ಮೂರು ಲೀಟರ್ ನೀರು ಕುಡಿಯೋದು ಸರಿನಾ? (ಹೊನ್ನಾವರ)

ಉತ್ತರ: ನೀವು ಓಡೋದಾ, ಕೊಡ ಹೊರೋದಾ? 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದ್ರು, ನೂರಕ್ಕೆ 13 ಜನರಲ್ಲಿ ಸೋಡಿಯಂ, ಅಂದ್ರೆ ರಕ್ತದ ಉಪ್ಪಿನಂಶ, ಇಳಿದಿತ್ತು, ಅದರಲ್ಲಿ ದಾರಿಯುದ್ದಕ್ಕೂ ಕುಡೀತಾ ಹೋದವ್ರೇ ಜಾಸ್ತಿ. ಬಾಯಾರಿದಾಗ ಕುಡೀರಿ, ಮನೆಗೆ ಬಂದು ಉಪ್ಪು ಹಾಕಿದ ಗಂಜಿ ಉಣ್ಣಿ, ಉಪ್ಪಿನಕಾಯಿ ಜೊತೆಗಿರ್ಲಿ.

ಪ್ರಶ್ನೆ: ನಮ್ಮ ಮನೆ ಸುತ್ತ ಸಮ ರಸ್ತೆನೇ ಇಲ್ಲ, ಎಲ್ಲ ಏರು ಇಳಿತ. ದೇವಿಮನೆ ಘಟ್ಟ ಇಳಿದು ಓಡಿದ್ರೆ ಬೇಗ ಸ್ಟ್ಯಾಮಿನಾ ಬರ್ತದೆ ಅಂತಾರೆ ಹೌದಾ? (ಶಿರಸಿ)

ಉತ್ತರ: ಏರು ಒಳ್ಳೇದೇ ತಂಗಿ, ಏರಲ್ಲಿ ಉಸಿರು ಸೋತು ತಾನಾಗೇ ನಿಧಾನ ಆಗ್ತೀಯ, ಕಾಲಿಗೆ ಪೆಟ್ಟು ಕಡಿಮೆ. ಇಳಿಯುವಾಗ ಉಸಿರಿಗೆ ಗೊತ್ತೇ ಆಗೋದಿಲ್ಲ, ತೊಡೆ ಸ್ನಾಯು ಎಳೆದು ಬ್ರೇಕ್ ಹಾಕ್ತಾ ಇರ್ತದೆ, ಎರಡನೇ ದಿನ ಪಾಯಖಾನೇಲಿ ಕೂತು ಏಳುವಾಗ ಗೊತ್ತಾಗ್ತದೆ. ಏರು ಓಡು, ಇಳಿಜಾರು ನಡಿ. ದೇವಿಮನೆ ಘಟ್ಟದ ತಿರುವಲ್ಲಿ ಲಾರಿ ಎದುರು ಓಡೋ ಯೋಚನೆ ಬಿಡು, ಅಲ್ಲಿಗೆ ಹೋಗ್ಲೇಬೇಕು ಅನ್ನಿಸಿದ್ರೆ ಕುಮಟಾ ಬಸ್ಸು ಹತ್ತು, ಕಿಟಕಿ ಪಕ್ಕ ಸೀಟು ಹಿಡಿ.